ಹನ್ನೊಂದು ತಿಂಗಳ ಸಂಸಾರ

ವಿಜಯನಗರದ ಮನೆ ಖಾಲಿ ಮಾಡಿದ ದಿನ ಓನರ್ ಅಂಕಲ್ ನನ್ನ 1,80,000 ರೂಪಾಯಿ ಅಡ್ವಾನ್ಸಿನಲ್ಲಿ 18,000 ಹಿಡಿದುಕೊಂಡು ಉಳಿದದ್ದು ಕೊಟ್ಟರು. 'ಪೇಂಟಿಂಗ್ ಚಾರ್ಜು. ಅಗ್ರಿಮೆಂಟಲ್ಲೇ ಇದೆಯಲ್ಲಪ್ಪ' ಅಂದ್ರು. ಇತ್ತು. ಓದದೆ ಸೈನ್ ಹಾಕಿದ್ದು ನಾನೇ. ಎರಡು ತಿಂಗಳಾದ ಮೇಲೆ ಅದೇ ಮನೆಗೆ ನನ್ನ ಆಫೀಸಿನವನೇ ಬಂದ. ಹಾಲುಕ್ಕಿಸಿದ ದಿನ ಊಟಕ್ಕೆ ಹೋದೆ. ಕ್ಯಾಲೆಂಡರಿಗೆ ಅಂತ ನಾನು ಹೊಡೆದಿದ್ದ ಮೊಳೆ, ಅದರ ಸುತ್ತಲಿನ ಕಲೆ, ಎಲ್ಲ ಹಾಗೇ ಇತ್ತು. ಅವನ ಅಗ್ರಿಮೆಂಟಲ್ಲೂ ಅದೇ ಸಾಲು.

ಈ ಅಗ್ರಿಮೆಂಟ್ ಯಾವಾಗಲೂ ಹನ್ನೊಂದೇ ತಿಂಗಳಿಗೆ ಯಾಕೆ? 'ರೂಲ್ಸೇ ಹಾಗೆ' ಅಂತಾರೆ ಬ್ರೋಕರ್. ಸುಳ್ಳು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಹನ್ನೊಂದು. ಅಷ್ಟೇ.

ಹಾಗಾದರೆ ಬಾಡಿಗೆದಾರರಿಗೆ ಕಾನೂನೇ ಇಲ್ವಾ? ಇದೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಬೆಂಗಳೂರು ನಗರದಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸಲ್ಲ. ಇವತ್ತು 3,500ಕ್ಕೆ ಮನೆ ಎಲ್ಲಿದೆ ಸ್ವಾಮಿ? ಉಳಿದವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆ ಮುಗಿಸೋಕೆ 15 ದಿನದ ನೋಟಿಸ್ ಸಾಕು. ಅಂದರೆ ನಮ್ಮನ್ನು ಕಾಯಬೇಕಾದದ್ದು ಆ ಎರಡು ಹಾಳೆಯೇ. ಅದನ್ನು ಬರೆಸುವವರು ಮಾತ್ರ ಅವರು.

2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಹೇಳುತ್ತೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತಾನೇ ಕಾನೂನು ಮಾಡಿದರಷ್ಟೇ ಜಾರಿ.

ಓನರ್‌ಗಳ ಭಯ ನನಗೂ ಅರ್ಥವಾಗುತ್ತೆ. ರಾಜಾಜಿನಗರದ ಥರ್ಟಿ-ಫಾರ್ಟಿ ಸೈಟಿನಲ್ಲಿ ಮೇಲೆರಡು ಮನೆ ಕಟ್ಟಿ ಬಾಡಿಗೆಯಲ್ಲೇ ಬದುಕುವ ರಿಟೈರ್ಡ್ ಜನ ಕೋರ್ಟಿಗೆ ಅಲೆಯಲಾರರು. ಬಾಡಿಗೆ ಬಾಕಿ ಉಳಿಸಿ ಹೋಗುವವರೂ ಇದ್ದಾರೆ. ಆ ಭಯಕ್ಕೆ ಎರಡು-ಮೂರು ತಿಂಗಳ ಹಣ ಸಾಲದೇ? ಹತ್ತು ತಿಂಗಳದ್ದು ಭದ್ರತೆಯಲ್ಲ, ಬಡ್ಡಿಯಿಲ್ಲದ ಸಾಲ.

ನಮ್ಮ ತಪ್ಪೂ ಇದೆ. ಇಪ್ಪತ್ತು ಸಾವಿರದ ಫೋನಿಗೆ ಹತ್ತು ರಿವ್ಯೂ ನೋಡ್ತೀವಿ. ಎರಡು ಲಕ್ಷ ಕೊಡುವ ಕಾಗದ ಓದಲ್ಲ.

ಈ ಸಲ ಬಸವೇಶ್ವರನಗರದಲ್ಲಿ ಸೈನ್ ಹಾಕುವ ಮುಂಚೆ ಎರಡು ಸಾಲು ಸೇರಿಸಿ ಅಂದೆ: ಪೇಂಟಿಂಗ್ ಹಣ ಬಿಲ್ ತೋರಿಸಿದರೆ ಮಾತ್ರ, ಬೀಗದ ಕೈ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್. ಓನರ್ ಮುಖ ಸಿಂಡರಿಸಿದರು. ಆಮೇಲೆ ಪೆನ್ನು ಕೇಳಿದರು.