ರಜಾಯಿಯ ಮೇಲಿನ ಲ್ಯಾಪ್‌ಟಾಪ್

"ಈ ಚಳಿಯಲ್ಲಿ ಲ್ಯಾಪ್‌ಟಾಪ್ ಯಾಕೆ ಕಾಯುತ್ತದೆ?" ಎಂದು ಅಬ್ಬಾ ಕೇಳಿದರು. ಅವರ ಮಾತು ಸರಿಯೇ. ಭೀಮನಬೀಡಿನಲ್ಲಿ ಆಗ ರಾತ್ರಿ ರಜಾಯಿ ಇಲ್ಲದೆ ಮಲಗಲು ಆಗುತ್ತಿರಲಿಲ್ಲ. ಆದರೂ ಬಿ.ಕಾಂ. ಓದುವ ಆಪಾಳ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅರ್ಧ ಗಂಟೆಗೆ ಕೆಂಡದಂತಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ಎರಡು ಸಲ ಅವಳ ಅಸೈನ್‌ಮೆಂಟ್ ಹೋಯಿತು. ರಿಪೇರಿಯವರೊಬ್ಬರು ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ" ಎಂದರು. ಅವರು ಕೇಳಿದ ಹಣ ಲ್ಯಾಪ್‌ಟಾಪ್ ಕೊಂಡ ಬೆಲೆಯ ಅರ್ಧ.

ಬೋರ್ಡ್ ಹೋಗಿರಲಿಲ್ಲ. ಪ್ರೊಸೆಸರ್‌ನ ಬಿಸಿ ತಾಮ್ರದ ಕೊಳವೆಯ ಮೂಲಕ ತೆಳು ಲೋಹದ ಪಟ್ಟಿಗಳಿಗೆ ಬರುತ್ತದೆ, ಅಲ್ಲಿಂದ ಫ್ಯಾನ್ ಅದನ್ನು ಹೊರಗೆ ತಳ್ಳುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಣ್ಣನೆಯ ಗಾಳಿ ಎಳೆದುಕೊಳ್ಳುವುದು ತಳದ ಸೀಳುಗಳಿಂದ. ಹಾಸಿಗೆಯ ಮೇಲಿಟ್ಟರೆ ಅವು ಮುಚ್ಚಿಹೋಗುತ್ತವೆ. ಬಿಸಿ 100 ಡಿಗ್ರಿಯ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸುತ್ತದೆ, ಆಗಲೂ ಇಳಿಯದಿದ್ದರೆ ಯಂತ್ರ ಆಫ್ ಆಗುತ್ತದೆ. ಅದು ಕೆಟ್ಟದ್ದಲ್ಲ, ಕೆಡದಂತೆ ತನ್ನನ್ನು ಕಾಪಾಡಿಕೊಂಡದ್ದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮೇಜಿನ ಮೇಲಿಟ್ಟು ಹತ್ತು ನಿಮಿಷ ನೋಡಿ ಎನ್ನುತ್ತೇನೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ನೀವೇನೂ ತೆರೆಯದಿದ್ದರೂ ಸಿಪಿಯು ಒಂದೇ ಸಮನೆ ದುಡಿಯುತ್ತಿದ್ದರೆ ತಪ್ಪು ಯಾವುದೋ ಪ್ರೋಗ್ರಾಮ್‌ನದು. ಗಾಳಿ ಬರುವ ಕಡೆ ಕೈ ಹಿಡಿಯಿರಿ. ಫ್ಯಾನ್ ಕೂಗುತ್ತಿದ್ದರೂ ಗಾಳಿ ಕಡಿಮೆ ಎಂದರೆ ಧೂಳು. ಅಷ್ಟು ಬಿಸಿಯಾದರೂ ಸದ್ದೇ ಇಲ್ಲವೆಂದರೆ ಫ್ಯಾನ್ ನಿಂತಿರಬಹುದು. ಗಾಳಿ ಚೆನ್ನಾಗಿದ್ದೂ ಕಾಯುತ್ತಿದ್ದರೆ, ಹಳೆಯ ಯಂತ್ರವಾದರೆ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು. ತಳ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಮಾತ್ರ ಏನೂ ಪ್ರಯೋಗ ಬೇಡ. ಅದು ಬ್ಯಾಟರಿ. ಚಾರ್ಜ್ ಹಾಕದೆ, ಒತ್ತದೆ, ತಿಳಿದವರ ಕೈಗೆ ಕೊಡಿ.

ನಮ್ಮದರಲ್ಲಿ ಗಾಳಿ ಇರಲಿಲ್ಲ. ಕಂಪ್ಯೂಟರ್ ಸರ್ ಮುಂದೆ ನಿಂತು ಬಿಚ್ಚಿಸಿದರು, ಮೊದಲು ಬ್ಯಾಟರಿಯ ವೈರ್ ತೆಗೆಸಿದರು. ಪಟ್ಟಿಗಳ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು, ಅದರೊಳಗೆ ರಜಾಯಿಯ ಹತ್ತಿ ಎಳೆಗಳು. ಖರ್ಚಾದದ್ದು ಒಂದು ಪೇಂಟ್ ಬ್ರಷ್‌ನ ಬೆಲೆ. (ಸವಕಳಿ ಲೆಕ್ಕದಲ್ಲಿ ಯಂತ್ರದ ಆಯಸ್ಸು ಕೊಟ್ಟಿರುತ್ತಾರೆ. ರಜಾಯಿ ಅದನ್ನು ಎಷ್ಟು ತಿನ್ನುತ್ತದೆಂದು ಯಾವ ಪ್ರಶ್ನೆಯಲ್ಲೂ ಬಂದಿಲ್ಲ.)

ಆ ಹತ್ತಿ ಎಳೆ ನೋಡಿ ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿರುವುದು ಒಂದೇ ಮೇಜು, ಮುಂದಿನ ಕೋಣೆಯಲ್ಲಿ. ಅದರ ತುಂಬ ನನ್ನ ಪುಸ್ತಕಗಳು. ಮೆಹಮಾನರು ಬಂದು ಕೂರುವುದೂ ಅಲ್ಲಿಯೇ. ಆಪಾ ಒಳಗೆ ಪಲಂಗದ ಮೇಲೆ ಕೂತು ಓದುತ್ತಾಳೆ. ಅವಳಿಗೆ "ಹಾಸಿಗೆ ಮೇಲೆ ಇಡಬೇಡ" ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ. ಎಲ್ಲಿ ಇಡಬೇಕೆಂದು ಮಾತ್ರ ಹೇಳಿರಲಿಲ್ಲ. ನಮ್ಮ ತರಗತಿಯ ಹುಡುಗಿಯರನ್ನು ಕೇಳಿ ನೋಡಿ, ಇದು ಒಂದೇ ಮನೆಯ ಕಥೆಯಲ್ಲ.

ಕಾಲೇಜಿನಲ್ಲಿ ನನ್ನದು ಎರಡು ಕೋರಿಕೆ. ತರಗತಿ ಮುಗಿದ ಮೇಲೆ ಲೈಬ್ರರಿಯ ಮೇಜುಗಳನ್ನು ಒಂದು ಗಂಟೆ ಲ್ಯಾಪ್‌ಟಾಪ್ ತರುವವರಿಗೆ, ಮೊದಲು ಹುಡುಗಿಯರಿಗೆ, ಬಿಟ್ಟುಕೊಡಬೇಕು. ವರ್ಷಕ್ಕೊಮ್ಮೆ ಲ್ಯಾಬ್‌ನಲ್ಲಿ ಸರ್ ಎದುರಿಗೆ ಧೂಳು ತೆಗೆಯಲು ನಮ್ಮನ್ನೂ ಬಿಡಬೇಕು.

ನಮ್ಮ ಮನೆಯ ಮೇಜು ಈಗ ಸಂಜೆ ಏಳರಿಂದ ಒಂಬತ್ತರವರೆಗೆ ಆಪಾಳದು. ನಾನು ಚಾಪೆಯ ಮೇಲೆ ಲೆಡ್ಜರ್ ಬರೆಯುತ್ತೇನೆ. ಸೊಂಟ ನೋವು ಎಂದರೆ ಅವಳು ನಗುತ್ತಾಳೆ.