ಹೊಳೆದಂಡೆಯ ಕಾಲುದಾರಿ ಮುಚ್ಚದಿರಲಿ

ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ನಮ್ಮ ಹಳ್ಳಿಗಳ ಜನ ಹಂಪಿಗೆ ಹೊರಡುವುದು ಹಿಂದಿನಿಂದ ಬಂದ ರೂಢಿ. ಆಗ ಬಂಡಿ ಕಟ್ಟುತ್ತಿದ್ದರು, ಈಗ ಟ್ರ್ಯಾಕ್ಟರು, ಟೆಂಪೊ, ಬಸ್ಸು. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಹೊಳೆಯಲ್ಲಿ ಕೈಕಾಲು ತೊಳೆದು, ಬುತ್ತಿ ಬಿಚ್ಚಿ ಉಂಡು, ದೀಪ ಹಚ್ಚುವ ಹೊತ್ತಿಗೆ ಊರು ಸೇರುವವರೇ ಹೆಚ್ಚು. ಆದರೆ ದೇವಸ್ಥಾನದ ಮುಂದಿನ ಬೀದಿ ಮುಗಿದಲ್ಲಿಂದ ತುಂಗಭದ್ರೆಯ ದಂಡೆ ಹಿಡಿದು ವಿಠ್ಠಲ ದೇವಸ್ಥಾನದವರೆಗೆ ಒಂದು ಕಾಲುದಾರಿ ಹೋಗುತ್ತದೆ. ಸುಮಾರು ಎರಡು ಕಿಲೋಮೀಟರು, ಹಿರಿಯರ ಲೆಕ್ಕದಲ್ಲಿ ಒಂದೂಕಾಲು ಮೈಲಿ. ರೈತನಾದವನು ಆ ದಾರಿಯನ್ನು ಒಮ್ಮೆಯಾದರೂ ನಡೆದು ನೋಡಬೇಕು. ಅಂಥ ಹೊಳೆದಂಡೆಯ ದಾರಿಗಳನ್ನು ಬೇಲಿ ಹಾಕಿ ಮುಚ್ಚದೆ ಉಳಿಸಿಕೊಳ್ಳಬೇಕು. ಈ ವಾರ ನಾವು ಹೇಳಬಯಸುವುದು ಈ ಎರಡೇ ಮಾತು.

ದಾರಿ ಕಷ್ಟದ್ದಲ್ಲ. ಒಂದೆರಡು ಕಡೆ ಬಂಡೆ ಹತ್ತಿ ಇಳಿಯಬೇಕಾದೀತು. ಉಳಿದಂತೆ ಹೊಲದ ಬದುವಿನ ಮೇಲೆ ನಡೆದು ರೂಢಿಯಿರುವವರಿಗೆ ಇದು ನಡಿಗೆಯೇ ಅಲ್ಲ. ಮಕ್ಕಳನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ನಿಧಾನವಾಗಿ ಹೋದರೆ ಒಂದು ಗಂಟೆ ಸಾಕು. ವಿಠ್ಠಲ ದೇವಸ್ಥಾನದ ಒಳಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ಟು ಬೇಕು; ಹೊಳೆಯ ದಾರಿಗೆ ಯಾವ ಟಿಕೆಟ್ಟೂ ಇಲ್ಲ.

ಬೀದಿಯ ಕೊನೆಯಲ್ಲಿ ದೊಡ್ಡ ಎದುರು ಬಸವಣ್ಣ. ಅದಕ್ಕೆ ಸ್ವಲ್ಪ ಮೊದಲೇ ಎಡಕ್ಕೆ ತಿರುಗಿದರೆ ಹೊಳೆ ಕಾಣುತ್ತದೆ. ಬಂಡೆಗಳ ನಡುವೆ ಹೊಳೆ ಇಕ್ಕಟ್ಟಾಗಿ ತಿರುಗುವ ಜಾಗವೇ ಚಕ್ರತೀರ್ಥ, ಅದರ ದಂಡೆಯಲ್ಲಿ ಕೋದಂಡರಾಮನ ಗುಡಿ. ಅಲ್ಲಿಂದ ಮುಂದೆ ಬಲಕ್ಕೆ ಅಗಲವಾದ ಹಳೆಯ ಪೇಟೆ ಬೀದಿಯೊಂದು ತೆರೆದುಕೊಳ್ಳುತ್ತದೆ. ಎರಡೂ ಕಡೆ ಕಲ್ಲುಕಂಬದ ಸಾಲು, ತುದಿಯಲ್ಲಿ 1534ರಲ್ಲಿ ಕಟ್ಟಿದ ಅಚ್ಯುತರಾಯನ ದೇವಸ್ಥಾನ. ಮತ್ತೆ ದಂಡೆಗೆ ಬಂದು ನಡೆದರೆ ಹೊಳೆಯ ನಡುವೆ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ಅವು ಹಳೆಯ ಸೇತುವೆಯ ಅವಶೇಷ. ಹತ್ತಿರದಲ್ಲೇ ನೀರಿನಂಚಿಗೆ ಪುರಂದರದಾಸರ ಮಂಟಪ. ರಾಜರ ತುಲಾಭಾರದ ಕಲ್ಲಿನ ಕಮಾನು ದಾಟಿದರೆ ವಿಠ್ಠಲ ದೇವಸ್ಥಾನ. ಅದರ ಅಂಗಳದ ಕಲ್ಲಿನ ರಥವನ್ನು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಎಲ್ಲರೂ ನೋಡಿಯೇ ಇದ್ದೇವೆ.

ಇಷ್ಟನ್ನು ಪ್ರವಾಸಿಗರ ಪುಸ್ತಕಗಳೂ ಹೇಳುತ್ತವೆ. ರೈತನ ಕಣ್ಣಿಗೆ ಬೀಳಬೇಕಾದದ್ದು ಇನ್ನೊಂದಿದೆ. ಗುಡಿ, ಅರಮನೆಗಳು ಹಾಳಾದವು, ಕಾಲುವೆಗಳು ಹಾಳಾಗಲಿಲ್ಲ. 1565ರ ಯುದ್ಧದ ನಂತರ ವಿಜಯನಗರದ ಪೇಟೆ ಬರಿದಾಯಿತು. ಆದರೆ ಆ ಕಾಲದ ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆ, ಕಬ್ಬು, ತೆಂಗಿನ ತೋಟಗಳಿಗೆ ನೀರು ಕೊಡುತ್ತಿದೆ. ದೇವಸ್ಥಾನಗಳ ಪ್ರದೇಶಕ್ಕೂ ಅರಮನೆಯ ಪ್ರದೇಶಕ್ಕೂ ನಡುವಿನ ತಗ್ಗು ಇಂದಿಗೂ ಹಸಿರಾಗಿರುವುದು ಆ ನೀರಿನಿಂದಲೇ. ಆಗಿನವರು ಹೊಳೆಯನ್ನು ಪೂರ್ತಿಯಾಗಿ ತಡೆಯಲು ಹೋಗಲಿಲ್ಲ. ಹೊಳೆಯಲ್ಲಿರುವ ಬಂಡೆಗಳನ್ನೇ ಆಧಾರ ಮಾಡಿಕೊಂಡು, ಅವುಗಳ ನಡುವೆ ಭಾರಿ ಕಲ್ಲುಗಳನ್ನು ಜೋಡಿಸಿ, ತಗ್ಗಿನ ಒಡ್ಡು ಹಾಕಿದರು. ಬೇಸಿಗೆಯಲ್ಲಿ ನೀರು ಕಾಲುವೆಗೆ ತಿರುಗುತ್ತಿತ್ತು, ಮಳೆಗಾಲದಲ್ಲಿ ಪ್ರವಾಹ ಒಡ್ಡಿನ ತಲೆಯ ಮೇಲೆ ಹಾದು ಹೋಗುತ್ತಿತ್ತು. ಹಾಗಾಗಿ ಒಡ್ಡು ಉಳಿಯಿತು. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಅಣೆಕಟ್ಟು ತುಂಗಭದ್ರಾ ಜಲಾಶಯದಲ್ಲಿ ಮುಳುಗಿಹೋಯಿತು. ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಈಗ ಜಲಾಶಯದಿಂದಲೇ ನೀರು. ಹೆಸರು ಮಾತ್ರ ಹಳೆಯದೇ ಉಳಿದಿದೆ, ಗದ್ದೆಗಳೂ ಉಳಿದಿವೆ. ಅರಸರ ಹೆಸರುಗಳನ್ನು ಪಾಠ ಪುಸ್ತಕದಲ್ಲಿ ಉರುಹೊಡೆಯುವ ನಮ್ಮ ಮಕ್ಕಳಿಗೆ ಈ ಕಾಲುವೆಯ ಏರಿಯ ಮೇಲೆ ನಿಲ್ಲಿಸಿ ಇದನ್ನು ಹೇಳಿದರೆ, ಬೇಸಾಯದ ಕಸುಬಿನ ಬಗ್ಗೆ ಅವರಿಗೆ ಇರುವ ತಾತ್ಸಾರ ಸ್ವಲ್ಪವಾದರೂ ಕಡಿಮೆಯಾದೀತು.

ಶಕ್ತಿಯೂ ಹೊತ್ತೂ ಇದ್ದವರು ವಿಠ್ಠಲ ದೇವಸ್ಥಾನದಿಂದ ಮುಂದೆ ತಳವಾರಘಟ್ಟಕ್ಕೆ ಹೋಗಿ ಹೊಳೆ ದಾಟಿ ಆನೆಗೊಂದಿಗೆ ಹೋಗಬಹುದು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಇಲ್ಲಿಯ ಹರಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ಅವುಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಿದ್ದರೆಂದೂ, ಎತ್ತು ಕುದುರೆಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದುವೆಂದೂ ಬರೆದಿದ್ದಾನೆ. ಆನೆಗೊಂದಿಯಲ್ಲಿ ಕೋಟೆಯ ಬಾಗಿಲು, ಗಗನಮಹಲು, ರಂಗನಾಥನ ಗುಡಿ ಇವೆ. ಗುಡ್ಡದ ಬುಡದವರೆಗೆ ಭತ್ತದ ಗದ್ದೆ, ಬಾಳೆಯ ತೋಟ. ಗೊನೆ ಕಡಿದ ಮೇಲೆ ನಾವು ಬಿಸಾಡುವ ಬಾಳೆಯ ದಿಂಡಿನಿಂದ ನಾರು ತೆಗೆದು ಚೀಲ, ಬುಟ್ಟಿ ಹೆಣೆಯುವ ಕೆಲಸವನ್ನು ಅಲ್ಲಿಯ ಹೆಣ್ಣುಮಕ್ಕಳು ಕಲಿತಿದ್ದಾರೆ. ಬಾಳೆ ಬೆಳೆಯುವ ಊರುಗಳವರು ಇದನ್ನು ನೋಡಿ ಬರುವುದು ಒಳ್ಳೆಯದು.

ಇನ್ನು ದಂಡೆಯ ಗಿಡಮರಗಳ ಮಾತು. ಹಂಪಿಯ ಸುತ್ತ ದಟ್ಟ ಅಡವಿಯಿಲ್ಲ. ಬಂಡೆಗಳ ಸಂದಿನಲ್ಲಿ ಕುರುಚಲು ಕಾಡು. ಹೊಳೆಯ ಪಕ್ಕದಲ್ಲಿ ಹೊಂಗೆ, ನೇರಳೆ, ಅತ್ತಿ, ಬೇವು. ನೆರಳಿಗಷ್ಟೇ ಇವು ಬೇಕೆಂದು ತಿಳಿಯಬಾರದು. ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸುವುದು ಇವುಗಳ ಬೇರು. ಒಂದು ಗುಂಟೆ ಜಾಗ ಹೆಚ್ಚು ಸಿಕ್ಕೀತೆಂದು ನೀರಿನಂಚಿನವರೆಗೆ ಮರ ಕಡಿದು ಉಳುಮೆ ಮಾಡಿದವನ ಹೊಲ ಮುಂದಿನ ಪ್ರವಾಹದಲ್ಲಿ ಎರಡು ಗುಂಟೆ ಕೊಚ್ಚಿಹೋಗುವುದು ಹೊಳೆಸಾಲಿನವರಿಗೆ ತಿಳಿಯದ ಸಂಗತಿಯಲ್ಲ. ಅಲ್ಲದೆ ಈ ಹೊಳೆಯಲ್ಲಿ ನೀರುನಾಯಿಗಳಿವೆ. ಅವುಗಳ ರಕ್ಷಣೆಗಾಗಿ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ದಂಡೆಯ ಪೊದೆ, ಬಂಡೆಗಳ ಪೊಟರೆಗಳೇ ಅವುಗಳ ಮನೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ, ಮರಳು ಬಗೆಯುವವರೂ ಈ ಮನೆಯನ್ನೂ ನಮ್ಮ ದಂಡೆಯನ್ನೂ ಒಟ್ಟಿಗೆ ಕೆಡಿಸುತ್ತಾರೆ.

ಹೀಗೆ ನೀರು, ಮರ, ಗುಡಿ, ಗದ್ದೆ ಎಲ್ಲವನ್ನೂ ಹೆಣೆದಿರುವ ದಾರ ಆ ಒಂದು ಕಾಲುದಾರಿ. ಹಂಪಿಯಲ್ಲಿ ಅದು ಉಳಿದಿರುವುದಕ್ಕೆ ಕಾರಣವಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಹತ್ತಿರ ಹೊಸ ಸೇತುವೆ ಕಟ್ಟತೊಡಗಿದಾಗ ಅದನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು. ಹೊರಗೆ ಬಂದದ್ದು 2006ರಲ್ಲಿ. ಮಧ್ಯೆ ನಿಂತು ಮತ್ತೆ ಕೈಗೆತ್ತಿಕೊಂಡ ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಹಂಪಿಯ ಆಡಳಿತಕ್ಕೆಂದೇ 2002ರ ಕಾಯಿದೆಯಂತೆ ಪ್ರಾಧಿಕಾರವೊಂದಿದೆ. ಎದುರು ದಂಡೆಯ ವಿರೂಪಾಪುರಗಡ್ಡೆಯಲ್ಲಿ ಎದ್ದಿದ್ದ ವಸತಿಗೃಹಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಕೆಡವಲಾಯಿತು. ಈ ಕಟ್ಟುನಿಟ್ಟಿನಿಂದ ಅಲ್ಲಿಯ ರೈತರಿಗೆ ತೊಂದರೆಯೂ ಆಗಿದೆ. ಮನೆಗೆ ಒಂದು ಕೋಣೆ ಕೂಡಿಸಬೇಕಾದರೂ ಅನುಮತಿಗೆ ಅಲೆಯಬೇಕಾದ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ನಿಯಮ ಬೇಕು, ಬಡವನ ಕೊಟ್ಟಿಗೆಗೂ ಧನಿಕನ ಹೋಟೆಲಿಗೂ ವ್ಯತ್ಯಾಸ ತಿಳಿಯುವ ನಿಯಮವಾಗಬೇಕು.

ಆದರೆ ಹಂಪಿಗೆ ಇರುವ ಕಾವಲು ಬೇರೆ ಊರುಗಳ ಹೊಳೆದಂಡೆಗಿಲ್ಲ. ತುಂಗಭದ್ರೆಯಿರಲಿ, ಮಲಪ್ರಭೆಯಿರಲಿ, ಕಾವೇರಿಯಿರಲಿ, ದಂಡೆಯ ಮೇಲೆ ಹಾಳುಗುಡಿಯೋ ಕೋಟೆಯ ಗೋಡೆಯೋ ಒಂದು ತೋಪೋ ಇಲ್ಲದ ಹೋಬಳಿ ಅಪರೂಪ. ಅಲ್ಲಿಗೆಲ್ಲ ಹಿಂದೆ ಕಾಲುದಾರಿಗಳಿದ್ದವು. ದನ ನೀರಿಗೆ ಹೋಗುತ್ತಿದ್ದದ್ದು, ಅಗಸರು ಬಟ್ಟೆ ಒಯ್ಯುತ್ತಿದ್ದದ್ದು, ಜಾತ್ರೆಗೆ ಪಲ್ಲಕ್ಕಿ ಬರುತ್ತಿದ್ದದ್ದು ಆ ದಾರಿಯಲ್ಲೇ. ಈಗ ಒಬ್ಬರು ಪಂಪುಸೆಟ್ಟಿನ ಮನೆ ಕಟ್ಟುತ್ತಾರೆ, ಇನ್ನೊಬ್ಬರು ಮುಳ್ಳುತಂತಿ ಎಳೆಯುತ್ತಾರೆ, ಮೂರನೆಯವರು ದಾರಿಯನ್ನೇ ಉತ್ತು ಬಿತ್ತುತ್ತಾರೆ. ನಡೆಯುವವರು ನಿಂತ ಮೇಲೆ ದಾರಿಯಿತ್ತೆಂದು ಹೇಳುವವರೂ ಇರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹೊಳೆಹಳ್ಳಗಳ ಪಾತ್ರ ಇವೆಲ್ಲ ಸರ್ಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮು ಹೇಳುತ್ತದೆ. ಊರಿನ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಯಲ್ಲಿ ಗುರುತಿಸಿರುತ್ತಾರೆ. ಗ್ರಾಮ ಪಂಚಾಯಿತಿಯವರು ಒಮ್ಮೆ ಆ ನಕ್ಷೆ ತರಿಸಿ ಹೊಳೆದಂಡೆಯ ದಾರಿ ಎಲ್ಲಿದೆಯೆಂದು ನೋಡಲಿ. ಜಗಳವಾಗುವ ಮೊದಲು ಇದನ್ನು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ರೈತರ ಅಂಜಿಕೆಯಲ್ಲಿಯೂ ಹುರುಳಿದೆ. ನಡೆದು ಬರುವವರು ಪೈರು ತುಳಿಯುತ್ತಾರೆ, ಕಾಯಿ ಕೀಳುತ್ತಾರೆ, ಬಾಟಲಿ ಒಡೆದು ಗದ್ದೆಯಲ್ಲಿ ಎಸೆಯುತ್ತಾರೆ. ತೆರೆದ ದಾರಿಯಲ್ಲಿ ಬಿಡಾಡಿ ದನ ನುಗ್ಗುತ್ತವೆ. ಇದಕ್ಕೆ ಉಪಾಯ ದಾರಿ ಮುಚ್ಚುವುದಲ್ಲ. ಮಲೆನಾಡಿನ ಕಡೆ ಬೇಲಿಗೆ ತಡಮೆ ಇಡುವ ಪದ್ಧತಿಯುಂಟು. ಅದನ್ನು ಮನುಷ್ಯ ದಾಟಬಲ್ಲ, ದನ ದಾಟಲಾರದು. ಎರಡು ಕವಲುಗಂಬಕ್ಕೆ ಆಗುವ ಖರ್ಚು ದೊಡ್ಡದಲ್ಲ. ಇಬ್ಬರು ಎದುರುಬದುರಾಗಿ ಹಾಯುವಷ್ಟು ಅಗಲದ ಪಟ್ಟಿ ಬಿಟ್ಟು, ಅದರ ಹೊಳೆಯ ಕಡೆ ಹೊಂಗೆ, ಹೊಳೆಮತ್ತಿ ನೆಟ್ಟರೆ ದಾರಿಗೆ ನೆರಳು, ದಂಡೆಗೆ ಭದ್ರತೆ, ಗದ್ದೆಗೆ ಹೊಂಗೆಯ ಹಸಿರೆಲೆ ಗೊಬ್ಬರ ಮೂರೂ ಸಿಗುತ್ತವೆ. ಜನ ಬರುವ ಜಾಗದಲ್ಲಿ ಮಜ್ಜಿಗೆ, ಬಾಳೆಹಣ್ಣು, ಎಳನೀರು ಮಾರಿದರೆ ಮನೆಯ ಹುಡುಗರಿಗೆ ನಾಲ್ಕು ಕಾಸೂ ಆದೀತು. ಪೇಟೆಯಿಂದ ಬರುವವರಿಗೂ ನಾವು ಹೇಳುವುದಿದೆ. ಹೊಲ ಯಾರದೋ ಒಬ್ಬನ ಅನ್ನ. ದಾರಿ ಬಿಟ್ಟು ಇಳಿಯಬೇಡಿ, ತಂದ ಕಸವನ್ನು ತಿರುಗಿ ಒಯ್ಯಿರಿ.

ಹಂಪಿಯ ದಾರಿ ನಡೆಯಹೊರಡುವವರು ಕೆಲವು ಎಚ್ಚರಿಕೆ ಪಾಲಿಸಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲು ಹಿಂದಿರುಗುವುದು ಲೇಸು. ಬಂಡೆ ಕಾದರೆ ಸುಡುತ್ತದೆ. ಕುಡಿಯುವ ನೀರು ಜೊತೆಗಿರಲಿ. ಸುತ್ತಲ ಗುಡ್ಡಗಳಲ್ಲಿ ಕರಡಿ, ಚಿರತೆಗಳಿರುವುದರಿಂದ ಕತ್ತಲೆಯಲ್ಲಿ ತಿರುಗಬಾರದು. ಚಕ್ರತೀರ್ಥದ ಮಡುವಿನಲ್ಲಿ ಸುಳಿಯಿದೆ, ಹೊಳೆಯಲ್ಲಿ ಮೊಸಳೆಗಳಿವೆ. ಈಜು ಬಂದವರೂ ಇಳಿಯಬಾರದು. ಮೇಲೆ ಜಲಾಶಯವಿರುವುದನ್ನು ಮರೆಯದಿರಿ. 33 ಗೇಟುಗಳ ಆ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋದದ್ದು ರೈತರೆಲ್ಲರಿಗೂ ನೆನಪಿದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೊಳೆಗೆ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸದೆ ದಂಡೆಗೆ ಹೋಗಬಾರದು.

ಈ ಪುಟವನ್ನು ವಾಚನಾಲಯದಲ್ಲಿ ಕುಳಿತು ಓದುವ ರೈತ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟು. ಈ ಬೇಸಿಗೆಯೊಳಗೆ ಒಂದು ದಿನ ಶಾಲೆಯ ಮೇಷ್ಟ್ರನ್ನೂ ಯುವಕ ಸಂಘದವರನ್ನೂ ಕೂಡಿಸಿಕೊಂಡು ನಿಮ್ಮೂರಿನ ಹೊಳೆಯ ಅಥವಾ ಹಳ್ಳದ ದಂಡೆಯನ್ನು ಗಡಿಯಿಂದ ಗಡಿಯವರೆಗೆ ನಡೆಯಿರಿ. ಮುದುಕರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಕಲ್ಲಿಗೆ ಯಾವ ಹೆಸರು, ಯಾವ ಗುಡಿಗೆ ಎಲ್ಲಿಂದ ದಾರಿ ಎಂಬುದು ಅವರಿಗೇ ಗೊತ್ತು. ದಾರಿ ಕಟ್ಟಿದ್ದರೆ, ಕಟ್ಟಿದವನೊಡನೆ ಅಲ್ಲೇ ನಿಂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ; ಕಚೇರಿಗೆ ಅರ್ಜಿ ಹಾಕುವುದು ಕೊನೆಯ ಮಾತಾಗಲಿ. ಕಾಲುದಾರಿಯನ್ನು ಕಾಯಲು ಕಾವಲುಗಾರ ಬೇಕಿಲ್ಲ. ಜನರ ಕಾಲು ಬಿದ್ದರೆ ಸಾಕು.