ಸಂಬಳ ಅಷ್ಟೇ ಇದೆ, ಕೈಗೆ ಬರುವುದು ಮಾತ್ರ ಕಡಿಮೆ



ಯುಗಾದಿ ಊಟಕ್ಕೆ ನಾವೆಲ್ಲ ಸೇರುವ ಹೊತ್ತಿಗೆ ಅಮೆರಿಕದಲ್ಲಿ ಟ್ಯಾಕ್ಸ್ ರಿಟರ್ನ್ ಕಾಲವೂ ಬಂದಿರುತ್ತದೆ. ಒಬ್ಬಟ್ಟಿನ ಜೊತೆಗೆ "ನಿಮಗೆ ರಿಫಂಡ್ ಎಷ್ಟು ಬಂತು?" ಎಂಬ ಪ್ರಶ್ನೆಯೂ ಪಂಕ್ತಿಯಲ್ಲಿ ಸುತ್ತು ಹೊಡೆಯುತ್ತದೆ. ಮಾತೆಲ್ಲ ಇನ್‌ಕಮ್ ಟ್ಯಾಕ್ಸ್ ಬಗ್ಗೆಯೇ. ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಂದು ಪ್ರತಿ ಪೇಚೆಕ್‌ನಲ್ಲೂ ಮುರಿದುಕೊಳ್ಳುವ ಪೇರೋಲ್ ಟ್ಯಾಕ್ಸ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಸಂಸಾರ ನಡೆಯುವುದು ಕೈಗೆ ಬರುವ ಸಂಬಳದಿಂದ. ಅದನ್ನು ಸದ್ದಿಲ್ಲದೆ ಕಡಿಮೆ ಮಾಡುವುದು ಈ ತೆರಿಗೆಯೇ.

ಲೆಕ್ಕ ಸರಳ. ಸೋಶಿಯಲ್ ಸೆಕ್ಯೂರಿಟಿಗೆ ಶೇ. 6.2, ಮೆಡಿಕೇರ್‌ಗೆ ಶೇ. 1.45, ಒಟ್ಟು ಶೇ. 7.65. ಕಂಪನಿಯೂ ಅಷ್ಟೇ ಮೊತ್ತ ಕಟ್ಟುತ್ತದೆ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲಿಲ್ಲ. ಮೊದಲ ಡಾಲರ್‌ನಿಂದಲೇ ಮುರಿಯುತ್ತಾರೆ. 401(ಕೆ)ಗೆ ಎಷ್ಟು ಹಾಕಿದರೂ ಇದು ಕಡಿಮೆಯಾಗದು. ಓದು ಮುಗಿಸಿ ಒಪಿಟಿಯಲ್ಲಿ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಈ ತೆರಿಗೆಯಿಂದ ವಿನಾಯಿತಿ ಇರುತ್ತದೆ. ಎಚ್-1ಬಿ ಶುರುವಾದ ದಿನದಿಂದ ವಿನಾಯಿತಿ ಹೋಯಿತು. 90,000 ಡಾಲರ್ ಸಂಬಳದವರಿಗೆ ವರ್ಷಕ್ಕೆ 6,885 ಡಾಲರ್ ಕಡಿತ. ವೀಸಾ ಸಿಕ್ಕ ಸಂತೋಷದಲ್ಲಿ ಹೊಸ ಕಾರು ತೆಗೆದುಕೊಂಡವರಿಗೆ ಮುಂದಿನ ಪೇಚೆಕ್ ನೋಡಿದಾಗಲೇ ಇದು ಗೊತ್ತಾಗುವುದು.

ಈ ತೆರಿಗೆ ಏಕಾಏಕಿ ಏರಿದರೆ ಏನಾಗುತ್ತದೆ ಎಂಬುದಕ್ಕೆ 2013ರ ಜನವರಿ ಒಳ್ಳೆಯ ಉದಾಹರಣೆ. 2011 ಮತ್ತು 2012ರಲ್ಲಿ ಆರ್ಥಿಕತೆಗೆ ಚೇತರಿಕೆ ಕೊಡಲು ನೌಕರರ ಪಾಲನ್ನು ಶೇ. 6.2ರಿಂದ 4.2ಕ್ಕೆ ಇಳಿಸಿದ್ದರು. ಎರಡು ವರ್ಷ ಕೈಗೆ ಬಂದ ಹಣ ತಮ್ಮದೇ ಎಂದು ಜನ ಅದಕ್ಕೆ ಹೊಂದಿಕೊಂಡುಬಿಟ್ಟರು. 2012ರ ಕೊನೆಯಲ್ಲಿ ಟಿವಿ ತುಂಬ "ಫಿಸ್ಕಲ್ ಕ್ಲಿಫ್" ಚರ್ಚೆ, ಶ್ರೀಮಂತರ ಇನ್‌ಕಮ್ ಟ್ಯಾಕ್ಸ್ ಏರಬೇಕೆ ಬೇಡವೇ ಎಂಬ ಜಗಳ. ಆ ಗದ್ದಲದ ನಡುವೆ ಈ ರಿಯಾಯಿತಿ ಮುಗಿದುಹೋಯಿತು. ಗಂಡನಿಗೆ 80,000, ಹೆಂಡತಿಗೆ 60,000 ಡಾಲರ್ ಸಂಬಳವಿದ್ದ ಮನೆಗೆ ವರ್ಷಕ್ಕೆ 2,800 ಡಾಲರ್, ಅಂದರೆ ತಿಂಗಳಿಗೆ ಸುಮಾರು 233 ಡಾಲರ್ ಕಡಿಮೆಯಾಯಿತು. ಊರಿನಲ್ಲಿರುವ ತಂದೆ ತಾಯಿಯ ಔಷಧಿಗೆ ಕಳಿಸುವ ಹಣ, ಮಗಳ ಭರತನಾಟ್ಯದ ಫೀಸು, ಇಂಥವಕ್ಕೆಲ್ಲ ಆಗುವಷ್ಟು ದುಡ್ಡು ಅದು.

ದರ ಏರಿಸದೆಯೂ ತೆರಿಗೆ ಏರುವ ದಾರಿಗಳಿವೆ. ಸೋಶಿಯಲ್ ಸೆಕ್ಯೂರಿಟಿ ತೆರಿಗೆಗೆ ಒಳಪಡುವ ಸಂಬಳದ ಮಿತಿ 2025ರಲ್ಲಿ 1,76,100 ಡಾಲರ್ ಇತ್ತು; 2026ಕ್ಕೆ ಅದು 1,84,500. ಹೊಸ ಮಿತಿಗಿಂತ ಹೆಚ್ಚು ಸಂಬಳ ಇರುವವರಿಗೆ ಸುಮಾರು 520 ಡಾಲರ್ ಹೆಚ್ಚು ಕಡಿತ. ಇನ್ನೊಂದು, 2013ರಲ್ಲಿ ಬಂದ ಶೇ. 0.9ರ ಹೆಚ್ಚುವರಿ ಮೆಡಿಕೇರ್ ತೆರಿಗೆ. ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಗೆ ಮಿತಿ 2,50,000 ಡಾಲರ್. ಬೆಲೆಗಳೆಲ್ಲ ಏರಿದರೂ ಈ ಮಿತಿ ಮಾತ್ರ ಅಲ್ಲೇ ಕೂತಿದೆ. ಗಂಡ ಹೆಂಡತಿ ತಲಾ 1,40,000 ದುಡಿದರೆ ಯಾವ ಕಂಪನಿಯೂ ಇದನ್ನು ಮುರಿದುಕೊಳ್ಳುವುದಿಲ್ಲ, ಏಕೆಂದರೆ ಕಂಪನಿ ಮುರಿಯುವುದು ಒಬ್ಬರ ಸಂಬಳ 2,00,000 ದಾಟಿದ ಮೇಲೆ. ಹಾಗಾಗಿ ರಿಟರ್ನ್ ಹಾಕುವಾಗ 270 ಡಾಲರ್ ಬಾಕಿ ಎದುರಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ರಾಜ್ಯದ ಎಸ್‌ಡಿಐ ಕಡಿತಕ್ಕಿದ್ದ ಸಂಬಳದ ಮಿತಿಯನ್ನೇ ತೆಗೆದುಹಾಕಿದರು. 2,00,000 ಡಾಲರ್ ಸಂಬಳದವರಿಗೆ 2023ರಲ್ಲಿ 1,378 ಡಾಲರ್ ಇದ್ದದ್ದು 2025ರಲ್ಲಿ 2,400 ಆಯಿತು. ಕಾಯಿಲೆ, ಬಾಣಂತನದ ಕಾಲದಲ್ಲಿ ಸಂಬಳ ಕೊಡುವ ನಿಧಿ ಅದು, ಒಳ್ಳೆಯ ಕೆಲಸವೇ. ಆದರೆ ಎಷ್ಟು ಮನೆಗಳಲ್ಲಿ ಇದನ್ನು ಗಮನಿಸಿದರು?

ಈಗ ಮುಂದಿನ ಮಾತು. ಸೋಶಿಯಲ್ ಸೆಕ್ಯೂರಿಟಿ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತರ ಪಿಂಚಣಿ ನಿಧಿ 2033ರಲ್ಲಿ ಬರಿದಾಗುತ್ತದೆ. ಆಮೇಲೆ ಬರುವ ತೆರಿಗೆಯಿಂದ ಪಿಂಚಣಿಯ ಶೇ. 77ರಷ್ಟು ಮಾತ್ರ ಕೊಡಲು ಸಾಧ್ಯ. ಅಂಗವಿಕಲರ ನಿಧಿಯನ್ನೂ ಸೇರಿಸಿ ಕೊರತೆಯನ್ನು ತೆರಿಗೆಯಿಂದಲೇ ತುಂಬುವುದಾದರೆ, ಈಗಲೇ ಏರಿಸಿದರೆ ಕಂಪನಿಯ ಪಾಲೂ ಸೇರಿ ಶೇ. 3.65 ಅಂಶ ಸಾಕು; 2034ರವರೆಗೆ ಕಾದರೆ ಶೇ. 4.27 ಅಂಶ ಬೇಕು ಎನ್ನುತ್ತದೆ ಅದೇ ವರದಿ.

ನನ್ನ ಅಭಿಪ್ರಾಯ ಇಷ್ಟು: ಏರಿಕೆ ಬರುವುದೇ ಆದರೆ ಬೇಗ ಬರಲಿ, ನಿಧಾನವಾಗಿ ಬರಲಿ. 1983ರ ಸುಧಾರಣೆಯ ನಂತರ ನೌಕರರ ದರ 1988ರಲ್ಲಿ ಶೇ. 6.06, 1990ರಲ್ಲಿ 6.2 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಅಂದಿನಿಂದ ಅದು ಅಲ್ಲೇ ನಿಂತಿದೆ. ವರ್ಷಕ್ಕೆ ಒಂದಿಷ್ಟು ಏರಿದರೆ ಇನ್‌ಕ್ರಿಮೆಂಟ್ ಅದನ್ನು ತಡೆದುಕೊಳ್ಳುತ್ತದೆ. ಒಂದೇ ಏಟಿಗೆ ಬಿದ್ದರೆ ಮನೆಯ ಕಂತೇ ಅಲುಗಾಡುತ್ತದೆ. "ಚುನಾವಣೆ ಮುಗಿಯಲಿ, ಆಮೇಲೆ ನೋಡೋಣ" ಎನ್ನುವ ಎರಡೂ ಪಕ್ಷದವರಿಗೆ ವೋಟಿನ ಹಕ್ಕಿರುವ ನಮ್ಮವರು ಇದನ್ನು ಬರೆದು ತಿಳಿಸಬೇಕು.

"ನಾವು ಊರಿಗೆ ವಾಪಸ್ ಹೋಗುವವರು, ನಮಗೇಕೆ ಈ ಚಿಂತೆ?" ಎನ್ನುವವರೂ ಇದ್ದಾರೆ. ಚಿಂತೆ ನಿಜವಾಗಿ ಇರುವುದು ಅವರಿಗೇ. ನಿವೃತ್ತಿಯ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ ಬೇಕು. ಏಳೆಂಟು ವರ್ಷ ದುಡಿದು ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದವರಿಗೆ ಕಟ್ಟಿದ್ದು ವಾಪಸ್ ಬರದು, ಪಿಂಚಣಿಯೂ ಇಲ್ಲ. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ! ಎರಡು ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಅಮೆರಿಕಕ್ಕೆ ಸುಮಾರು 30 ದೇಶಗಳೊಂದಿಗೆ ಇದೆ, ಭಾರತದೊಂದಿಗೆ ಇಲ್ಲ. ಕೆನಡಾ, ಆಸ್ಟ್ರೇಲಿಯಾ, ಜರ್ಮನಿಗಳು ಭಾರತದೊಂದಿಗೆ ಒಪ್ಪಂದ ಮಾಡಿಕೊಂಡಿವೆ. ದರ ಏರಿಸುವ ಮಾತು ಬಂದಾಗ ಈ ಬೇಡಿಕೆಯೂ ಜೊತೆಗೇ ಬರಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ ಮಾಡೋಣ. ಬ್ಯಾಂಕು ಸಾಲ ಕೊಡುವುದು ಒಟ್ಟು ಸಂಬಳ ನೋಡಿ. ಕಂತು ಕಟ್ಟಬೇಕಾದದ್ದು ಕೈಗೆ ಬಂದ ಸಂಬಳದಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ಯಾವ ಹಾಸಿಗೆ ಎಂದು ಮೊದಲು ಅಳೆಯಬೇಕಲ್ಲ! ಪ್ರತಿ ಜನವರಿಯ ಮೊದಲ ಪೇ ಸ್ಟಬ್ ಅನ್ನು ಗಂಡ ಹೆಂಡತಿ ಇಬ್ಬರೂ ಕೂತು ಡಿಸೆಂಬರ್‌ನದರ ಜೊತೆ ಇಟ್ಟು ನೋಡಿ. ಕಂಪನಿಯ ಮೂಲಕ ಎಚ್‌ಎಸ್‌ಎಗೆ ಹಾಕುವ ಹಣದ ಮೇಲೆ ಈ ತೆರಿಗೆ ಇಲ್ಲ ಎಂಬುದು ನೆನಪಿರಲಿ. ಹೊಸ ಮನೆ ಕೊಳ್ಳುವವರು ಕೈಗೆ ಬರುವ ಸಂಬಳ ಶೇ. 2ರಷ್ಟು ಇಳಿದರೂ ಕಂತು ಕಟ್ಟಲು ಸಾಧ್ಯವೇ ಎಂದು ಒಮ್ಮೆ ಲೆಕ್ಕ ಹಾಕಿ. ಸಾಧ್ಯವಿಲ್ಲ ಎಂದಾದರೆ ಒಂದು ಬೆಡ್‌ರೂಮ್ ಕಡಿಮೆಯ ಮನೆ ನೋಡುವುದು ಮೇಲು.